ಅರ್ಧ ಬರೆದ ಚಿತ್ರವನ್ನು ಯಾರಿಗೆ ತೋರಿಸಬೇಕು?

ಪ್ರಶ್ನೆ: ನಾನು ಅರಕಲಗೂಡು ತಾಲ್ಲೂಕಿನವಳು. ಹಾಸನದಲ್ಲಿ ರೂಮು ಮಾಡಿಕೊಂಡು ಬಿ.ವಿ.ಎ. (ದೃಶ್ಯಕಲೆಯ ಪದವಿ) ಎರಡನೇ ವರ್ಷ ಓದುತ್ತಿದ್ದೇನೆ. ಹೈಸ್ಕೂಲಿನಲ್ಲಿ ಪ್ರತಿಭಾ ಕಾರಂಜಿಯ ಬಹುಮಾನ ಬಂದಿತ್ತು, ಡ್ರಾಯಿಂಗ್ ಲೋಯರ್, ಹೈಯರ್ ಎರಡರಲ್ಲೂ ಒಳ್ಳೆಯ ಅಂಕ ಇತ್ತು. ಇಲ್ಲಿ ಮಾತ್ರ ಯಾರೂ ಏನನ್ನೂ ಕಲಿಸುತ್ತಿಲ್ಲ ಅನ್ನಿಸುತ್ತದೆ. ಕೇಳಿದರೆ ‘ಮಾಡುತ್ತಾ ಹೋಗಿ, ತಾನಾಗಿ ಬರುತ್ತದೆ’ ಎನ್ನುತ್ತಾರೆ. ಕಳೆದ ಸೆಮಿಸ್ಟರಿನ ಜ್ಯೂರಿಯಲ್ಲಿ, ಅಂದರೆ ಪರೀಕ್ಷಕರು ಬಂದು ಕೆಲಸ ನೋಡಿ ಅಂಕ ಕೊಡುವಾಗ, ನನ್ನದನ್ನು ಹತ್ತು ನಿಮಿಷ ನೋಡಿ ‘ಕೈ ಇದೆ, ಕಂಟೆಂಟ್ ಇಲ್ಲ’ ಎಂದರು. ಅದನ್ನು ಎಲ್ಲಿಂದ ತರಬೇಕು ಎಂದು ಹೇಳಲಿಲ್ಲ. ಬಿಟ್ಟು ಅನಿಮೇಷನ್ ಕೋರ್ಸ್ ಸೇರು ಎಂದು ಅಪ್ಪ ಹೇಳುತ್ತಿದ್ದಾರೆ. ಕಲೆಯನ್ನು ಕಾಲೇಜಿನಲ್ಲಿ ಕಲಿಸಲು ಆಗುತ್ತದೆಯೇ? ನಾನು ಬಿಡಬೇಕೇ?

ಉತ್ತರ: ‘ಕೈ ಇದೆ, ಕಂಟೆಂಟ್ ಇಲ್ಲ’ ಎಂಬ ಮಾತನ್ನು ನಾನೂ ಹೇಳಿದ್ದೇನೆ. ಮೂವತ್ತು ವರ್ಷ ಕಾಲೇಜುಗಳಲ್ಲಿ ಚಿತ್ರಕಲೆಯ ಮೇಷ್ಟರಾಗಿದ್ದು, ಈಗ ಚಿಕ್ಕಮಗಳೂರಿನಲ್ಲಿ ನಿವೃತ್ತನಾಗಿ ಕುಳಿತು ಲೆಕ್ಕ ಹಾಕಿದರೆ ಎಷ್ಟು ಸಲ ಹೇಳಿದೆನೋ ತಿಳಿಯುವುದಿಲ್ಲ. ಹೆಚ್ಚಿನ ಸಲ ಅದರ ಅರ್ಥ ‘ಊಟದ ಹೊತ್ತು ಮೀರಿದೆ, ಇನ್ನೂ ಹದಿನಾಲ್ಕು ಜನರ ಕೆಲಸ ನೋಡುವುದಿದೆ’ ಎಂದಷ್ಟೇ. ಆದ್ದರಿಂದ ಆ ಮಾತನ್ನು ತೀರ್ಪು ಎಂದುಕೊಂಡು ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಡಿ. ಆದರೆ ಅದನ್ನು ಪೂರ್ತಿ ಗಾಳಿಗೂ ತೂರಬೇಡಿ. ಅದರೊಳಗೆ ಒಂದು ಕಾಳು ಇದೆ, ಆಮೇಲೆ ಅದಕ್ಕೆ ಬರುತ್ತೇನೆ.

ನೀವು ಕುಳಿತು ಬರೆಯುವ ಆ ಕೋಣೆ ಹೇಗೆ ಹುಟ್ಟಿತು ಎಂದು ತಿಳಿದರೆ ಅರ್ಧ ಸಿಟ್ಟು ಇಳಿಯುತ್ತದೆ. ನಮ್ಮ ದೇಶದಲ್ಲಿ ಕಲಾಶಾಲೆಗಳನ್ನು ತೆರೆದದ್ದು ಕಲಾವಿದರನ್ನು ತಯಾರಿಸುವುದಕ್ಕಲ್ಲ. 1850ರಲ್ಲಿ ಮದ್ರಾಸು, 1854ರಲ್ಲಿ ಕಲ್ಕತ್ತ, 1857ರಲ್ಲಿ ಬೊಂಬಾಯಿ ಶಾಲೆಗಳು ಶುರುವಾದಾಗ ಬೇಕಾಗಿದ್ದದ್ದು ಅಳತೆಗೆ ಸರಿಯಾಗಿ ನಕ್ಷೆ ತೆಗೆಯುವವರು, ಮರ ಲೋಹ ಮಣ್ಣುಗಳ ಕೆಲಸದಲ್ಲಿ ಕೈ ಪಳಗಿದವರು. ಪಾಠದ ಕ್ರಮ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಕಲಾಶಾಲೆಯದು. ಮೊದಲು ಅಚ್ಚಿನ ಚಿತ್ರ ನೋಡಿ ನಕಲು, ಆಮೇಲೆ ಗ್ರೀಕ್ ಮೂರ್ತಿಗಳ ಪ್ಲಾಸ್ಟರ್ ಅಚ್ಚು ನೋಡಿ ನಕಲು, ಕೊನೆಗೆ ಜೀವಂತ ಮನುಷ್ಯ. ಚಿತ್ರಕಲೆಯನ್ನೂ ಕಲಿಸುತ್ತಿದ್ದ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯ ಹೆಸರಿನಲ್ಲಿಯೇ ‘ತಾಂತ್ರಿಕ’ ಎಂಬ ಮಾತಿದೆ ನೋಡಿ. ನೀವು ಹೈಸ್ಕೂಲಿನಲ್ಲಿ ಅಂಕ ತೆಗೆದ ಲೋಯರ್, ಹೈಯರ್ ಪರೀಕ್ಷೆಗಳಿಗೂ ಆ ಕಾಲದ ವಾಸನೆ ಇನ್ನೂ ಅಂಟಿಕೊಂಡಿದೆ.

ಆಮೇಲೆ 1919 ಬಂತು. ಅದೇ ವರ್ಷ ಶಾಂತಿನಿಕೇತನದಲ್ಲಿ ಕಲಾಭವನ, ಜರ್ಮನಿಯ ವೈಮಾರಿನಲ್ಲಿ ಬೌಹೌಸ್ ಎಂಬ ಎರಡು ಕಲಾಶಾಲೆಗಳು ಹುಟ್ಟಿದವು. ಒಂದಕ್ಕೊಂದು ಮಾತಾಡಿಕೊಂಡು ಹುಟ್ಟಿದ್ದಲ್ಲ, ಆದರೆ ಎರಡಕ್ಕೂ ಪ್ಲಾಸ್ಟರ್ ಮೂರ್ತಿಗಳ ಮುಂದೆ ಕುಳಿತು ಸಾಕಾಗಿತ್ತು. ಕಲಾಭವನದಲ್ಲಿ ಚಿತ್ರಕಾರ ನಂದಲಾಲ್ ಬೋಸ್ ವಿದ್ಯಾರ್ಥಿಗಳನ್ನು ಕೋಣೆಯಿಂದ ಹೊರಗೆ ಮರ, ಹೊಲ, ಸಂತಾಲರ ಹಳ್ಳಿಗಳ ಕಡೆಗೆ ಕರೆದೊಯ್ದರು. ಬೌಹೌಸ್ ಎಲ್ಲರನ್ನೂ ಮೊದಲು ಅ ಆ ಇ ಈಗೆ ಕೂರಿಸಿತು. ಗೆರೆ ಎಂದರೇನು, ಒಂದು ಬಣ್ಣದ ಪಕ್ಕ ಇನ್ನೊಂದು ಬಂದರೆ ಏನಾಗುತ್ತದೆ, ಕಾಗದ ಮಡಚಿದರೆ ಅದು ಎಷ್ಟು ಭಾರ ಹೊರುತ್ತದೆ ಎಂಬುದೇ ಅಲ್ಲಿನ ಮೊದಲ ಪಾಠ. ನಿಮ್ಮ ಮೊದಲ ವರ್ಷದ ಫೌಂಡೇಷನ್ ಅದರ ಮರಿಮಗಳು. 1950ರಲ್ಲಿ ಬರೋಡದ ವಿಶ್ವವಿದ್ಯಾಲಯ ಕಲೆಯನ್ನು ಪದವಿಯ ಓದಾಗಿ ಮಾಡಿತು, 1960ರಲ್ಲಿ ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತು ಬಂತು.

ಇದನ್ನೆಲ್ಲ ಹೇಳಿದ್ದು ಪರೀಕ್ಷೆಗೆ ಬರೆಯಲು ಅಲ್ಲ. ನಿಮ್ಮ ವೇಳಾಪಟ್ಟಿಯಲ್ಲಿ ಈ ಎಲ್ಲ ಕಾಲಗಳೂ ಒಂದರ ಮೇಲೊಂದು ಕುಳಿತಿವೆ, ಒಂದಕ್ಕೊಂದು ಹೊಲಿಗೆ ಬಿದ್ದಿಲ್ಲ. ಮೊದಲ ವರ್ಷ ‘ಇದ್ದದ್ದನ್ನು ಇದ್ದ ಹಾಗೆ ಬರೆ’ ಎನ್ನುತ್ತೇವೆ. ಮೂರನೇ ವರ್ಷ ‘ನಿನ್ನದನ್ನು ಬರೆ’ ಎನ್ನುತ್ತೇವೆ. ಇಲ್ಲಿಂದ ಅಲ್ಲಿಗೆ ಹೋಗುವುದು ಹೇಗೆ ಎಂದು ಯಾವ ಪಠ್ಯಕ್ರಮವೂ ಹೇಳುವುದಿಲ್ಲ. ನೀವು ಎರಡನೇ ವರ್ಷದಲ್ಲಿದ್ದೀರಿ, ಅಂದರೆ ಸರಿಯಾಗಿ ಹೊಳೆಯ ನಡುವೆ. ಕಾಲಡಿ ಮರಳು ಜಾರುತ್ತಿರುವುದು ನಿಮಗೊಬ್ಬರಿಗೇ ಅಲ್ಲ.

ಈಗ ಕಲಿಸಲು ಆಗುತ್ತದೆಯೇ ಎಂಬ ಪ್ರಶ್ನೆ. ಸಂಗೀತ ಕಲಿಯುವ ಮಗು ಗುರುವಿನ ಎದುರು ಕುಳಿತು ಗುರು ಹಾಡುವುದನ್ನು ಕೇಳುತ್ತದೆ. ಚೆನ್ನಾಗಿ ಹಾಡಿದ್ದನ್ನು ಮಾತ್ರವಲ್ಲ, ಸ್ವರ ಎಡವಿದ್ದನ್ನೂ, ಗಂಟಲು ಸರಿಮಾಡಿಕೊಂಡು ಮತ್ತೆ ಎತ್ತಿಕೊಂಡದ್ದನ್ನೂ ಕೇಳುತ್ತದೆ. ನಿಮ್ಮ ಮೇಷ್ಟರು ತಮ್ಮ ಸ್ವಂತ ಚಿತ್ರವನ್ನು ಬರೆಯುವಾಗ ನೀವು ಎಷ್ಟು ಸಲ ಪಕ್ಕದಲ್ಲಿ ನಿಂತಿದ್ದೀರಿ? ಜಲವರ್ಣದ ಪ್ರಾತ್ಯಕ್ಷಿಕೆ ನೋಡಿರುತ್ತೀರಿ, ಅರ್ಧ ಗಂಟೆಯಲ್ಲಿ ಆಕಾಶ, ಬೆಟ್ಟ, ಎರಡು ತೆಂಗಿನಮರ, ಚಪ್ಪಾಳೆ. ಅದು ನೂರು ಸಲ ಮಾಡಿ ಪಳಗಿದ ಕೆಲಸ. ನಾನೂ ಮಾಡುತ್ತಿದ್ದೆ, ಚಪ್ಪಾಳೆ ನನಗೂ ಇಷ್ಟವಾಗುತ್ತಿತ್ತು. ಮೇಷ್ಟರು ಗೊತ್ತಾಗದೆ ನಿಲ್ಲುವುದು, ಅಳಿಸುವುದು, ಹಾಳುಮಾಡಿಕೊಳ್ಳುವುದು ಅದರಲ್ಲಿ ಬರುವುದಿಲ್ಲ. ನಿಮಗೆ ಬೇಕಾಗಿರುವುದು ಅದೇ.

ಕಾಲೇಜಿನಲ್ಲಿ ಎಲ್ಲ ಮಾತೂ ಮುಗಿದ ಕೆಲಸದ ಮೇಲೆ. ಸಬ್ಮಿಷನ್ ಮುಗಿದದ್ದು, ಜ್ಯೂರಿಗೆ ತೂಗುಹಾಕಿದ್ದು ಮುಗಿದದ್ದು, ಅಂಕ ಬೀಳುವುದು ಮುಗಿದದ್ದಕ್ಕೆ. ಕಲಿಸಬಹುದಾದದ್ದು ಏನಾದರೂ ಇದ್ದರೆ ಅದೆಲ್ಲ ಕೆಲಸ ಅರ್ಧದಲ್ಲಿರುವಾಗ ಕೈಯಿಂದ ಕೈಗೆ ಹೋಗುವಂಥದ್ದು. ಆ ಹೊತ್ತಿನಲ್ಲಿ ಕೋಣೆಯಲ್ಲಿ ಮೇಷ್ಟರು ಇರುವುದಿಲ್ಲ, ಹಾಜರಿ ತೆಗೆದುಕೊಂಡು ಸ್ಟಾಫ್ ರೂಮಿಗೆ ಹೋಗಿರುತ್ತಾರೆ. ಕೆಲವೊಮ್ಮೆ ಇರುತ್ತಾರೆ, ಆಗ ಇನ್ನೊಂದು ಅಪಾಯ. ಅದನ್ನು ಹೇಳಿಬಿಡುತ್ತೇನೆ.

ಕೆಲಸಕ್ಕೆ ಸೇರಿದ ಮೊದಲ ವರ್ಷಗಳು. ಒಬ್ಬ ಹುಡುಗ ಕನ್ನಡಿ ಇಟ್ಟುಕೊಂಡು ತನ್ನದೇ ಮುಖ ಬರೆಯುತ್ತಿದ್ದ. ಎಲ್ಲ ಸರಿಯಿತ್ತು, ದವಡೆಯ ಗೆರೆ ಮಾತ್ರ ಕಿವಿಗೆ ಸೇರುವಲ್ಲಿ ತಪ್ಪಿತ್ತು. ‘ಸ್ವಲ್ಪ ಸರಿ’ ಎಂದು ಅವನ ಕೈಯಿಂದ ಇದ್ದಿಲು ತೆಗೆದುಕೊಂಡು ಎರಡು ನಿಮಿಷದಲ್ಲಿ ತಿದ್ದಿಕೊಟ್ಟೆ. ಒಳ್ಳೆಯ ದವಡೆ, ಈಗಲೂ ಹೇಳುತ್ತೇನೆ. ಸೆಮಿಸ್ಟರಿನ ಕೊನೆಗೆ ಹೊರಗಿನಿಂದ ಬಂದ ಪರೀಕ್ಷಕರು ಸರಿಯಾಗಿ ಆ ದವಡೆಯ ಮೇಲೆ ಬೆರಳಿಟ್ಟು ‘ಇಲ್ಲಿ ನೋಡಿ, ಇಲ್ಲಿ ಈ ಹುಡುಗ ಕಂಡುಕೊಂಡಿದ್ದಾನೆ’ ಎಂದರು. ಹುಡುಗ ನನ್ನ ಕಡೆ ನೋಡಿದ. ನಾನು ಕಿಟಕಿಯ ಕಡೆ ನೋಡಿದೆ. ಆಮೇಲೆ ಎರಡು ವರ್ಷ ಅವನು ಕ್ಲಾಸಿನಲ್ಲಿ ಕುಳಿತು ಏನನ್ನೂ ಬರೆಯಲಿಲ್ಲ, ಎಲ್ಲವನ್ನೂ ಹಾಸ್ಟೆಲಿನಲ್ಲಿ ಮುಗಿಸಿ ತಂದು ಒಪ್ಪಿಸಿದ. ಅರ್ಧದ ಕೆಲಸವನ್ನು ಮೇಷ್ಟರಿಗೆ ತೋರಿಸಬಾರದು ಎಂಬುದು ಅವನು ನನ್ನಿಂದ ಕಲಿತ ಪಾಠ. ಅಂದಿನಿಂದ ನಾನು ಜೇಬಿನಲ್ಲಿ ತುಂಡು ಕಾಗದ ಇಟ್ಟುಕೊಳ್ಳತೊಡಗಿದೆ. ಹೇಳುವುದೇನಿದ್ದರೂ ಆ ತುಂಡಿನ ಮೇಲೆ ಬರೆದು ತೋರಿಸಿ, ಅದನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದೆ. ವಿದ್ಯಾರ್ಥಿಯ ಹಾಳೆಯನ್ನು ಮತ್ತೆ ಮುಟ್ಟಲಿಲ್ಲ. ನಿಮ್ಮ ಮೇಷ್ಟರೊಬ್ಬರು ನಿಮ್ಮ ಹಾಳೆಯ ಮೇಲೆ ಕೈ ಇಡಲು ಬಂದರೆ ‘ಸರ್, ಇಲ್ಲಿ ತೋರಿಸಿ’ ಎಂದು ಇನ್ನೊಂದು ಹಾಳೆ ಚಾಚಿ. ಬೇಸರ ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೂ ಪರವಾಗಿಲ್ಲ.

ಜ್ಯೂರಿಯ ವಿಷಯಕ್ಕೆ ಬರೋಣ. ಬೇಲೂರಿನ ಕಪ್ಪೆ ಚೆನ್ನಿಗರಾಯನ ಕಥೆ ನಿಮಗೆ ಅಜ್ಜಿ ಹೇಳಿಯೇ ಇರುತ್ತಾರೆ. ಅದರಲ್ಲಿ ಬರುವ ಜಕಣಾಚಾರಿ ಎಂಬ ಶಿಲ್ಪಿ ನಿಜವಾಗಿ ಇದ್ದನೆಂಬುದಕ್ಕೆ ಶಾಸನದ ಆಧಾರವಿಲ್ಲ. ಬೇಲೂರಿನ ಮದನಿಕೆಯರ ಕೆಳಗೆ ಹೆಸರು ಕೆತ್ತಿಕೊಂಡವರು ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ಮುಂತಾದವರು. ಆದರೂ ಚಿತ್ರಕಲೆ ಕಲಿಸುವವನಿಗೆ ಆ ಕಥೆಯಷ್ಟು ಉಪಯೋಗಕ್ಕೆ ಬರುವುದು ಬೇರೆ ಇಲ್ಲ. ಚಿಕ್ಕ ಹುಡುಗ ಡಂಕಣ ಬಂದು ಮೂರ್ತಿಯಲ್ಲಿ ದೋಷವಿದೆ ಎನ್ನುತ್ತಾನೆ. ದೋಷ ತೋರಿಸಿದರೆ ಬಲಗೈ ಕತ್ತರಿಸಿಕೊಳ್ಳುತ್ತೇನೆ ಎಂದು ದೊಡ್ಡ ಶಿಲ್ಪಿ ಜಕಣಾಚಾರಿ ಪಣ ತೊಡುತ್ತಾನೆ. ಹುಡುಗ ‘ನನಗೆ ಇಷ್ಟವಾಗಲಿಲ್ಲ’ ಎನ್ನಲಿಲ್ಲ, ‘ಭಾವ ಸಾಲದು’ ಎನ್ನಲಿಲ್ಲ. ಮೂರ್ತಿಗೆಲ್ಲ ಗಂಧ ಬಳಿಸಿದ. ಮೈಯೆಲ್ಲ ಒಣಗಿತು, ಹೊಕ್ಕುಳಿನ ಹತ್ತಿರ ಒಣಗಲಿಲ್ಲ. ಅಲ್ಲಿ ಉಳಿ ಇಟ್ಟರೆ ಒಳಗೆ ನೀರು, ಮರಳು, ಕಪ್ಪೆ.

ವಿಮರ್ಶೆ ಅಂದರೆ ಆ ಗಂಧ. ನೋಡಿದವರು ಏನನ್ನಾದರೂ ಬಳಿದು, ಎಲ್ಲಿ ಒಣಗಲಿಲ್ಲ ಎಂದು ನಿಮ್ಮ ಕಣ್ಣಿಗೇ ಕಾಣಿಸಬೇಕು. ಜ್ಯೂರಿಯವರು ತಾವಾಗಿ ಅದನ್ನು ಮಾಡದಿದ್ದರೆ ನೀವು ಮಾಡಿಸಬಹುದು. ‘ಹೇಗಿದೆ ಸರ್’ ಎಂದು ಕೇಳಬೇಡಿ, ಅದಕ್ಕೆ ‘ಪರವಾಗಿಲ್ಲ’ ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ‘ನಿಮ್ಮ ಕಣ್ಣು ಮೊದಲು ಎಲ್ಲಿಗೆ ಹೋಯಿತು? ಆಮೇಲೆ ಎಲ್ಲಿಗೆ? ಯಾವ ಮೂಲೆಯನ್ನು ನೋಡಲೇ ಇಲ್ಲ?’ ಎಂದು ಕೇಳಿ. ಇಂಥ ಪ್ರಶ್ನೆಗೆ ಎಷ್ಟು ದಣಿದ ಪರೀಕ್ಷಕನೂ ಇನ್ನೊಮ್ಮೆ ತಲೆ ಎತ್ತಿ ಚಿತ್ರವನ್ನು ನೋಡಲೇಬೇಕಾಗುತ್ತದೆ. ನಿಮ್ಮ ಸರದಿ ಬಂದಾಗ ಗೆಳತಿಯೊಬ್ಬಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಅವರು ಆಡಿದ್ದನ್ನೆಲ್ಲ ಬರೆದುಕೊಳ್ಳಲು ಹೇಳಿ. ಜ್ಯೂರಿಯಲ್ಲಿ ನಿಂತವರ ಕಿವಿ ಅರ್ಧ ಮುಚ್ಚಿರುತ್ತದೆ, ಬೈದದ್ದು ಮಾತ್ರ ಒಳಗೆ ಹೋಗುತ್ತದೆ. ಎರಡು ದಿನ ಬಿಟ್ಟು ಆ ಚೀಟಿ ಓದಿದರೆ ಕೆಲವು ಮಾತು ಅವರ ರುಚಿಯದು, ಕೆಲವು ಬರೀ ಗಾಳಿ, ಒಂದೋ ಎರಡೋ ಮಾತ್ರ ಗಂಧ ಎಂದು ತಿಳಿಯುತ್ತದೆ.

ಆ ಕಥೆಯಲ್ಲಿ ನನ್ನನ್ನು ಕಾಡುವುದು ಇನ್ನೊಂದು ಸಂಗತಿ. ಕಲ್ಲನ್ನು ಬಡಿದು, ಶಬ್ದ ಕೇಳಿ ಆರಿಸುವುದು ಶಿಲ್ಪಿಗಳ ಹಳೆಯ ಪದ್ಧತಿ. ಮೂರ್ತಿ ಅರ್ಧದಲ್ಲಿದ್ದಾಗಲೇ ಆ ಹುಡುಗ ಅಲ್ಲಿ ಓಡಾಡಿಕೊಂಡಿದ್ದರೆ ಉಳಿಯ ಶಬ್ದದಲ್ಲೇ ಕಪ್ಪೆಯನ್ನು ಹಿಡಿದುಬಿಡುತ್ತಿದ್ದನೇನೋ. ಪಣವೂ ಬೇಕಿರಲಿಲ್ಲ, ಕೈಯೂ ಉಳಿಯುತ್ತಿತ್ತು. ಒಂದು ಜ್ಯೂರಿಯಾದ ಮೇಲೆ ಚಿತ್ರ ಬರೆಯುವುದನ್ನೇ ಬಿಟ್ಟ ಮಕ್ಕಳನ್ನು ನಾನು ಕಂಡಿದ್ದೇನೆ, ಅದೂ ಕೈ ಕತ್ತರಿಸಿಕೊಂಡ ಹಾಗೆಯೇ. ಆದ್ದರಿಂದ ನಿಮ್ಮ ಚಿತ್ರ ಇನ್ನೂ ಕೊಳಕಾಗಿರುವಾಗ, ತೋರಿಸಲು ನಾಚಿಕೆಯಾಗುವಾಗ, ಪಕ್ಕದ ಈಸಲಿನವರಿಗೆ ತೋರಿಸಿ. ಅವರದನ್ನೂ ನೋಡಿ. ನಿಮ್ಮ ತರಗತಿಯಲ್ಲಿ ಹತ್ತು ಹನ್ನೆರಡು ಜನ ಇದ್ದೀರಿ ಎಂದುಕೊಳ್ಳೋಣ. ಅಂದರೆ ಪ್ರತಿದಿನ ಹತ್ತು ಹನ್ನೆರಡು ಅರ್ಧ ಚಿತ್ರಗಳು ನಿಮ್ಮ ಕಣ್ಣೆದುರಿಗಿವೆ. ಕಾಲೇಜಿನ ಹೊರಗೆ ಈ ಸಂಪತ್ತು ನಿಮಗೆ ಎಂದೂ ಸಿಗುವುದಿಲ್ಲ. ಮನೆಯಲ್ಲಿ ಕುಳಿತು ವಿಡಿಯೊ ನೋಡಿ ಕಲಿಯಬಹುದಲ್ಲ ಎನ್ನುವವರಿಗೆ ನನ್ನ ಉತ್ತರವೂ ಇದೇ.

ಈಗ ಆ ಕಾಳು, ಅಂದರೆ ಕಂಟೆಂಟ್. ಈ ಪದ ಕೇಳಿದ ಕೂಡಲೇ ವಿದ್ಯಾರ್ಥಿಗಳು ಪರಿಸರ ನಾಶ, ಸ್ತ್ರೀ ಶೋಷಣೆ, ನಗರದ ಒಂಟಿತನ ಎಂದು ಪಟ್ಟಿ ಮಾಡಿಕೊಂಡು ಬರುತ್ತಾರೆ. ಕಡಿದ ಮರದಿಂದ ರಕ್ತ ಸುರಿಯುವ ಚಿತ್ರವನ್ನು ನಾನು ಎಷ್ಟು ನೋಡಿದ್ದೇನೆ ಎಂದರೆ, ಕೊನೆಕೊನೆಗೆ ಮರಕ್ಕಿಂತ ಕೆಂಪು ಬಣ್ಣದ ಟ್ಯೂಬಿನ ಮೇಲೆ ಕನಿಕರ ಹುಟ್ಟುತ್ತಿತ್ತು. ವಿಷಯಗಳು ಸಣ್ಣವಲ್ಲ. ಆದರೆ ಅವನ್ನು ಅವರು ನೋಡಿರಲಿಲ್ಲ, ಕೇಳಿದ್ದರು.

ನನ್ನ ಒಬ್ಬ ವಿದ್ಯಾರ್ಥಿನಿಯ ತಂದೆ ಹಾಸನದ ಮಂಡಿಯಲ್ಲಿ ಹಮಾಲಿ. ಆಲೂಗಡ್ಡೆಯ ಕಾಲ. ಅಪ್ಪನಿಗೆ ಊಟ ಒಯ್ಯುವ ನೆಪದಲ್ಲಿ ದಿನವೂ ಮಂಡಿಗೆ ಹೋಗಿ ಮೂಟೆಗಳನ್ನು ಬರೆಯತೊಡಗಿದಳು, ಬೇರೇನೂ ಹೊಳೆಯಲಿಲ್ಲ ಎಂಬ ಒಂದೇ ಕಾರಣಕ್ಕೆ. ಮೊದಲ ವಾರ ಮೂಟೆ ಮೂಟೆಯ ಹಾಗಿತ್ತು. ಎರಡನೇ ವಾರ ಬೇಸರ ಬಂದು ಕೆಟ್ಟದಾಗಿ ಬರೆದಳು. ಮೂರನೇ ವಾರದಲ್ಲಿ ಒಂದು ದಿನ ತುಂಬಿದ ಮೂಟೆಯ ಹೊಟ್ಟೆಯ ಗೆರೆ, ಅದನ್ನು ಹೊತ್ತವನ ಬೆನ್ನಿನ ಗೆರೆ ಎರಡೂ ಒಂದೇ ಗೆರೆ ಎಂದು ಕಂಡುಬಿಟ್ಟಿತು. ಓಡುತ್ತ ಬಂದು ತೋರಿಸಿದ್ದು ನನಗಲ್ಲ, ಪಕ್ಕದಲ್ಲಿ ಕೂರುವ ಹುಡುಗಿಗೆ. ಆಮೇಲಿನ ಅವಳ ಚಿತ್ರಗಳಲ್ಲಿ ಯಾವುದು ಮನುಷ್ಯ, ಯಾವುದು ಗೋಣಿ ಎಂದು ಒಂದು ಕ್ಷಣ ತಿಳಿಯುತ್ತಿರಲಿಲ್ಲ, ತಿಳಿದಾಗ ಎದೆ ಧಸಕ್ಕೆನ್ನುತ್ತಿತ್ತು. ಜ್ಯೂರಿಯವರು ‘ಕಂಟೆಂಟ್ ಬಹಳ ಗಟ್ಟಿಯಾಗಿದೆ’ ಎಂದರು. ಊರಿಗೆ ಹೋಗಿಬರುವಾಗೆಲ್ಲ ಹೊಗೆಸೊಪ್ಪು ಒಣಗಿಸುವ ಬ್ಯಾರನ್‌ಗಳನ್ನು ದಾಟುವ ಅರಕಲಗೂಡಿನವರು ನೀವು, ಬರೆಯಲು ಏನಿದೆ ಎಂದು ನನ್ನನ್ನು ಕೇಳುತ್ತೀರಲ್ಲ!

ನಕಲಿನ ಬಗ್ಗೆ ನೀವು ಕೇಳಿಲ್ಲ, ಆದರೂ ಒಂದು ಮಾತು. ನಕಲು ಮಾಡುವುದು ಪಾಪವಲ್ಲ. ಇಂಗ್ಲೆಂಡಿನ ಕಲಾವಿದೆ ಲೇಡಿ ಹೆರಿಂಗ್‌ಹ್ಯಾಮ್ ಅಜಂತಾದ ಭಿತ್ತಿಚಿತ್ರಗಳ ಪ್ರತಿ ತೆಗೆಯುವ ಕೆಲಸ ಕೈಗೊಂಡಾಗ ನಂದಲಾಲ್ ಬೋಸರ ಜೊತೆ ನಮ್ಮ ಮೈಸೂರಿನ ಚಿತ್ರಕಾರ ಕೆ. ವೆಂಕಟಪ್ಪನವರೂ ಹೋಗಿದ್ದರು, ಆಗ ಅವರು ಕಲ್ಕತ್ತದಲ್ಲಿ ಅವನೀಂದ್ರನಾಥ ಟಾಗೋರರ ವಿದ್ಯಾರ್ಥಿ. ಗುಹೆಯ ಅರೆಬೆಳಕಿನಲ್ಲಿ ಗೋಡೆಯ ಮುಂದೆ ನಿಂತವರು ಪ್ರತಿ ಗೆರೆಗೂ ನಿರ್ಧಾರ ಮಾಡಬೇಕು. ಇದು ಬಿರುಕೋ ಬೆರಳೋ? ಈ ಕಂದು ಬಣ್ಣವೋ ಹೊಗೆಯೋ? ಮೊಬೈಲಿನ ಚಿತ್ರದಲ್ಲಿ ಆ ನಿರ್ಧಾರಗಳನ್ನೆಲ್ಲ ಬೇರೆ ಯಾರೋ ಮುಗಿಸಿರುತ್ತಾರೆ, ನಿಮಗೆ ಉಳಿಯುವುದು ಬಣ್ಣ ತುಂಬುವ ಕೂಲಿ.

ಮೊಬೈಲಿನ ಇನ್ನೊಂದು ತೊಂದರೆ ಅಳತೆಯದು. ಅದರಲ್ಲಿ ಪ್ರಪಂಚದ ಎಲ್ಲ ಚಿತ್ರಗಳೂ ಅಂಗೈಯಗಲ. ಹಾಸನ, ಚಿಕ್ಕಮಗಳೂರು, ನಮ್ಮ ಈ ಎರಡು ಜಿಲ್ಲೆಗಳ ಮಕ್ಕಳು ಕಲೆಯ ಇತಿಹಾಸದ ನೋಟ್ಸನ್ನು ಉಕ್ತಲೇಖನದಂತೆ ಬರೆದುಕೊಂಡು, ಒಂದೇ ಒಂದು ಹಳೆಯ ತೈಲಚಿತ್ರವನ್ನೂ ಎದುರಿನಲ್ಲಿ ನಿಂತು ನೋಡದೆ ಪಾಸಾಗುತ್ತಾರೆ. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋಗಿ, ರವಿವರ್ಮನ ಚಿತ್ರಗಳು ಅಲ್ಲಿವೆ. ದೀಪ ಹಿಡಿದ ಹೆಂಗಸಿನ ಮುಂದೆಯೂ ಜನ ಗುಂಪುಗಟ್ಟಿರುತ್ತಾರೆ. ಅದು ಚಿತ್ರಕಾರ ಹಲ್ದಂಕರ್ ಅವರದು, ಎಣ್ಣೆಬಣ್ಣವಲ್ಲ, ಜಲವರ್ಣ. ಆ ಬೆಳಕು ಬಿಳಿಯ ಬಣ್ಣದಿಂದ ಬಂದದ್ದೋ, ಬಿಟ್ಟ ಕಾಗದದಿಂದ ಬಂದದ್ದೋ ಎಂದು ಹತ್ತಿರ ಹೋಗಿ ನೋಡಿ. ಅಲ್ಲಿ ಅರ್ಧ ಗಂಟೆ ನಿಂತರೆ ನಮ್ಮ ಒಂದು ಸೆಮಿಸ್ಟರಿನ ಪಾಠ ಮುಗಿಯುತ್ತದೆ. ಬೆಂಗಳೂರಿಗೆ ಹೋದರೆ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ನಲ್ಲಿ 2009ರಿಂದ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯ ಇದೆ.

ಬಿಡಬೇಕೇ? ನಿಮ್ಮ ತಂದೆಗೆ ಸುಳ್ಳು ಹೇಳಲು ನಾನು ಸಿದ್ಧನಿಲ್ಲ. ಈ ಪದವಿ ಕೆಲಸ ಕೊಡಿಸುತ್ತದೆ ಎಂಬ ಭರವಸೆ ಇಲ್ಲ, ಡ್ರಾಯಿಂಗ್ ಮೇಷ್ಟರ ಹುದ್ದೆಗಳಿಗೆ ಕಾದು ಕುಳಿತವರು ಬಹಳ. ನನ್ನ ವಿದ್ಯಾರ್ಥಿಗಳು ಪುಸ್ತಕಗಳಿಗೆ ಚಿತ್ರ ಬರೆದು, ಜಾಹೀರಾತಿನಲ್ಲಿ ದುಡಿದು, ನಾಟಕಕ್ಕೆ ರಂಗಸಜ್ಜಿಕೆ ಮಾಡಿ ಬದುಕುತ್ತಿದ್ದಾರೆ. ಮೂಡಿಗೆರೆ, ಸಕಲೇಶಪುರದ ಹೋಂಸ್ಟೇಗಳ ಗೋಡೆಗೆ ಹುಲಿ, ಕಾಫಿ ಹಣ್ಣು, ಮಂಗಟ್ಟೆ ಹಕ್ಕಿ ಬರೆಯುವವರೂ ಇದ್ದಾರೆ, ದರ ಚದರ ಅಡಿಯ ಲೆಕ್ಕ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಅನಿಮೇಷನ್ ಕೂಡ ಕೀಳಲ್ಲ, ಅಲ್ಲಿಯೂ ಬೇಕಾಗುವುದು ಇದೇ ಕೈ, ಇದೇ ಕಣ್ಣು. ಆದರೆ ಸಿಟ್ಟಿನಿಂದ ಹೋಗಬೇಡಿ. ಹೋಗುವ ಮೊದಲು ಒಂದು ಲೆಕ್ಕ ಹಾಕಿ. ನಿಮ್ಮ ಕಾಲೇಜಿನ ಸ್ಟುಡಿಯೊಗೆ ಸಂಜೆ ನಾಲ್ಕೂವರೆಗೆ ಬೀಗ ಬೀಳುತ್ತದೆಯೋ, ರಾತ್ರಿಯವರೆಗೆ ಕೂರಲು ಬಿಡುತ್ತಾರೋ? ಯಾರ ಕೆಲಸ ನೋಡಿದರೆ ನಿಮ್ಮ ಹೊಟ್ಟೆ ಉರಿಯುತ್ತದೋ ಅಂಥವರು ತರಗತಿಯಲ್ಲಿ ಒಬ್ಬರಾದರೂ ಇದ್ದಾರೋ? ಕೋಣೆಯೂ ಇದೆ, ಹೊಟ್ಟೆಕಿಚ್ಚೂ ಇದೆ ಎಂದಾದರೆ ಮೇಷ್ಟರು ಹೇಗಿದ್ದರೂ ನಾಲ್ಕು ವರ್ಷ ಮುಗಿಸಿ. ಎರಡೂ ಇಲ್ಲದಿದ್ದರೆ ಅಪ್ಪನ ಮಾತು ಕೇಳಿ, ನಾನು ತಡೆಯುವುದಿಲ್ಲ.

ಅದಕ್ಕೂ ಮುಂಚೆ, ಮುಂದಿನ ಭಾನುವಾರ, ಆ ಹೊಟ್ಟೆಕಿಚ್ಚಿನ ಗೆಳತಿಯನ್ನು ಕರೆದುಕೊಂಡು ಬೇಲೂರಿಗೆ ಹೋಗಿ. ಹಾಸನದಿಂದ ಒಂದು ಗಂಟೆಯ ಬಸ್ಸು. ಚೆನ್ನಕೇಶವನ ಗುಡಿ 1117ರಲ್ಲಿ ಪ್ರತಿಷ್ಠೆಯಾದದ್ದು, 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಮೇಲೆ ಜನ ಜಾಸ್ತಿ, ಆದ್ದರಿಂದ ಮೊದಲ ಬಸ್ಸೇ ಒಳ್ಳೆಯದು. ಮದನಿಕೆಯರನ್ನು ಬರೆಯಬೇಡಿ, ಎಲ್ಲರೂ ಅವರನ್ನೇ ಬರೆಯುತ್ತಾರೆ. ಹೊರಗೋಡೆಯ ಬುಡದ ಆನೆಸಾಲಿನಲ್ಲಿ ಒಂದು ಮೊಳ ಅಗಲ ಆರಿಸಿಕೊಂಡು, ಆನೆಯನ್ನು ಬಿಟ್ಟು ನೆರಳನ್ನು ಮಾತ್ರ ಬರೆಯಿರಿ. ಒಂದು ಗಂಟೆಗೆ ಒಂದು ಹಾಳೆ. ನೆರಳು ಸರಿಯುತ್ತಾ ಹೋಗುವುದರಿಂದ ಯಾವ ಹಾಳೆಯೂ ಮುಗಿಯುವುದಿಲ್ಲ, ಮುಗಿಸಲೂ ಬೇಡಿ. ಗಂಟೆಗೊಮ್ಮೆ ಇಬ್ಬರೂ ಹಾಳೆ ಬದಲಾಯಿಸಿಕೊಂಡು, ಎಲ್ಲಿ ಒಣಗಿಲ್ಲ ಎಂದು ಒಬ್ಬರಿಗೊಬ್ಬರು ತೋರಿಸಿ. ಬೇಸರ ಬಂದಾಗ ಎದ್ದು ಸುತ್ತು ಹಾಕಿ. ಹೊಯ್ಸಳರ ಗುಡಿಗಳಲ್ಲಿ ಕೆತ್ತನೆ ಅರ್ಧಕ್ಕೆ ನಿಂತ ಕಡೆಗಳು ಅಲ್ಲಲ್ಲಿ ಸಿಗುತ್ತವೆ, ಹುಡುಕಿ ನೋಡಿ. ಉಳಿ ಮೊದಲು ಯಾವುದನ್ನು ತೆಗೆಯಿತು, ಯಾವುದನ್ನು ಕೊನೆಗೆ ಇಟ್ಟುಕೊಂಡಿತ್ತು ಎಂದು ಅಂಥ ಕಲ್ಲೇ ಹೇಳುತ್ತದೆ. ಚಪ್ಪಲಿ ಹೊರಗೆ ಬಿಡಬೇಕು, ಹನ್ನೊಂದರ ಮೇಲೆ ಅಂಗಳದ ಚಪ್ಪಡಿ ಕಾದ ಹೆಂಚಿನಂತಾಗುತ್ತದೆ. ಚೀಲದಲ್ಲಿ ಎರಡು ಜೊತೆ ದಪ್ಪ ಕಾಲುಚೀಲ ಇರಲಿ, ಒಂದು ಗೆಳತಿಗೆ.